ಕೈ ಹತ್ತಿರ ತಂದರೆ ಥೆರೆಮಿನ್‌ನ ಸ್ವರ ಇಳಿಯುವುದೇಕೆ?

ಪ್ರಶ್ನೆ: ಕಿಟ್ ತರಿಸಿಕೊಂಡು ಥೆರೆಮಿನ್ (ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯ) ಜೋಡಿಸಿದ್ದೇನೆ. ಸದ್ದು ಬರುತ್ತಿದೆ. ಆದರೆ ನೆಟ್ಟಗೆ ನಿಂತಿರುವ ಆಂಟೆನಾದ ಬಳಿ ಕೈ ತಂದರೆ ಸ್ವರ ಏರುವ ಬದಲು ಇಳಿಯುತ್ತದೆ. ನಿನ್ನೆ ಮಾಡಿದ ಶ್ರುತಿಯೂ ಇಂದು ಉಳಿದಿರುವುದಿಲ್ಲ. ಬೆಸುಗೆಯಲ್ಲಿ ತಪ್ಪಾಗಿದೆಯೇ? ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಬೇಕೇ?

ಉತ್ತರ: ಬಿಚ್ಚಬೇಡಿ. ಸ್ವರ ಇಳಿಯುತ್ತಿದೆ ಎಂದರೆ ವಾದ್ಯದೊಳಗಿನ ಎರಡೂ ಆಸಿಲೇಟರುಗಳು (ವಿದ್ಯುತ್ ಕಂಪನ ಹುಟ್ಟಿಸುವ ಸರ್ಕಿಟ್‌ಗಳು) ನಡೆಯುತ್ತಿವೆ, ಆಂಟೆನಾ ನಿಮ್ಮ ಕೈಯನ್ನು ಗುರುತಿಸುತ್ತಿದೆ ಎಂದೇ ಅರ್ಥ. ತೊಂದರೆ ಇರುವುದು ಬಹುಮಟ್ಟಿಗೆ ಶ್ರುತಿಯಲ್ಲಿ, ಅರ್ತಿಂಗ್‌ನಲ್ಲಿ ಮತ್ತು ನೀವು ವಾದ್ಯವನ್ನು ಇಟ್ಟಿರುವ ಕೋಣೆಯಲ್ಲಿ.

1920ರ ಸುಮಾರಿಗೆ ರಷ್ಯದ ಪೆಟ್ರೋಗ್ರಾಡ್‌ನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಅನಿಲಗಳ ವಿದ್ಯುತ್ ಗುಣಗಳನ್ನು ಅಳೆಯುವ ಉಪಕರಣವೊಂದನ್ನು ಕಟ್ಟುತ್ತಿದ್ದ ಲೆವ್ ಟೆರ್ಮೆನ್, ತನ್ನ ಕೈ ಹತ್ತಿರ ಬಂದಾಗಲೆಲ್ಲ ಉಪಕರಣದ ಸದ್ದು ಬದಲಾಗುವುದನ್ನು ಕಂಡು, ಅಳತೆಗೆ ಅಡ್ಡಿಯಾಗಿದ್ದ ಆ ದೋಷವನ್ನೇ ವಾದ್ಯವಾಗಿಸಿದರು. ಅದರೊಳಗೆ ಎರಡು ಆಸಿಲೇಟರುಗಳಿವೆ. ಒಂದರ ಆವರ್ತನ ಸ್ಥಿರ. ಇನ್ನೊಂದು ಆಂಟೆನಾಕ್ಕೆ ಸೇರಿರುವುದರಿಂದ ಅದರ ಆವರ್ತನ ಕೈಯ ದೂರಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡೂ ಆಸಿಲೇಟರುಗಳು ಕಿವಿಗೆ ನಿಲುಕದಷ್ಟು ಎತ್ತರದಲ್ಲಿ, ಅನೇಕ ಕಿಟ್‌ಗಳಲ್ಲಿ 300 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ, ಕಂಪಿಸುತ್ತಿರುತ್ತವೆ. ನಾವು ಕೇಳುವುದು ಅವೆರಡರ ವ್ಯತ್ಯಾಸವನ್ನು ಮಾತ್ರ.

ಕೈ ಮತ್ತು ಆಂಟೆನಾ ಸೇರಿ ಒಂದು ಪುಟ್ಟ ಕೆಪಾಸಿಟರ್ ಆಗುತ್ತವೆ. ಕೈ ಹತ್ತಿರ ಬಂದಷ್ಟೂ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಹೆಚ್ಚಿ, ಆಂಟೆನಾ ಕಡೆಯ ಆವರ್ತನ ಇಳಿಯುತ್ತದೆ. ಇದು ಎಂದಿಗೂ ಇಳಿಯುವುದೇ ಹೊರತು ಏರುವುದಿಲ್ಲ ಎಂಬುದನ್ನು ಹಿಡಿದುಕೊಂಡರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಕೈ ದೂರವಿದ್ದಾಗ ಎರಡೂ ಆವರ್ತನಗಳು ಸಮನಾಗಿದ್ದರೆ, ಕೈ ಸಮೀಪಿಸಿದಂತೆ ಅಂತರ ಹಿಗ್ಗುತ್ತದೆ, ಸ್ವರ ಏರುತ್ತದೆ. ನಿಮ್ಮ ವಾದ್ಯದಲ್ಲಿ ಆಂಟೆನಾ ಕಡೆಯದು ಮೊದಲಿನಿಂದಲೇ ಸ್ಥಿರವಾದದ್ದಕ್ಕಿಂತ ಮೇಲಿದೆ. ಆದ್ದರಿಂದ ಕೈ ತಂದಾಗ ಅಂತರ ಕುಗ್ಗಿ ಸ್ವರ ಇಳಿಯುತ್ತದೆ. ಕೈಯನ್ನು ಇನ್ನೂ ಹತ್ತಿರ ಒಯ್ದು ನೋಡಿ: ಸ್ವರ ಇಳಿದಿಳಿದು ಒಂದೆಡೆ ಮೌನವಾಗಿ, ಅಲ್ಲಿಂದಾಚೆ ಮತ್ತೆ ಏರಬಹುದು. ಆ ಮೌನದ ಜಾಗವನ್ನು ದೂರಕ್ಕೆ ಸರಿಸುವುದೇ ನಿಮ್ಮ ಕೆಲಸ.

ಅದಕ್ಕೆ ಮೊದಲು ಪಿಚ್ ಗುಬ್ಬಿಯನ್ನು (ಸ್ವರ ಹೊಂದಿಸಲು ತಿರುಗಿಸುವ ಗುಂಡಿ) ನಡುವಿಗೆ ತಂದಿಡಿ. ನಂತರ ಆಂಟೆನಾ ಕಡೆಯ ಆಸಿಲೇಟರಿನ ಕಾಯಿಲ್‌ನೊಳಗಿನ (ತಂತಿಸುರುಳಿಯೊಳಗಿನ) ಫೆರೈಟ್ ತಿರುಪನ್ನು ಬಹಳ ನಿಧಾನವಾಗಿ ಒಳಕ್ಕೆ ತಿರುಗಿಸಿ. ತಿರುಪು ಒಳಹೋದಂತೆ ಇಂಡಕ್ಟೆನ್ಸ್ ಹೆಚ್ಚಿ ಆವರ್ತನ ಇಳಿಯುತ್ತದೆ. ಇದಕ್ಕೆ ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಲೋಹ ಸೋಕಿದೊಡನೆ ಕಾಯಿಲ್‌ನ ಗುಣವೇ ಬದಲಾಗುವುದರಿಂದ, ನೀವು ಸರಿಮಾಡಿದ್ದು ಅದನ್ನು ಹೊರತೆಗೆದ ಕೂಡಲೇ ಕೆಡುತ್ತದೆ. ಮೊನೆ ಚಪ್ಪಟೆಯಾಗಿ ಕೆತ್ತಿದ ಬಿದಿರಿನ ಕಡ್ಡಿ ಸಾಕು. ಫೆರೈಟ್ ಸುಲಭವಾಗಿ ಒಡೆಯುತ್ತದೆ, ಬಲ ಹಾಕಬೇಡಿ. ಸ್ವರ ಜಾರುತ್ತ ಗೊಗ್ಗರು ದನಿಗಿಳಿದು ಮೌನವಾದಾಗ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು, ನುಡಿಸುವಾಗ ನಿಲ್ಲುವಂತೆಯೇ ನಿಂತು ಪರೀಕ್ಷಿಸಿ. ಕೈ ಆಂಟೆನಾದಿಂದ ಸುಮಾರು ಎರಡಡಿ ದೂರದಲ್ಲಿರುವಾಗ ಮೌನ, ಅಲ್ಲಿಂದ ಒಳಗೆ ಬಂದಂತೆ ಏರುವ ಸ್ವರ: ಇದು ಸರಿಯಾದ ಸ್ಥಿತಿ.

ಬಾಗಿಕೊಂಡು ಶ್ರುತಿ ಮಾಡಿ ಎದ್ದು ನಿಂತರೆ ಅದು ತಪ್ಪುತ್ತದೆ, ಏಕೆಂದರೆ ಆಂಟೆನಾದ ಎದುರಿಗಿರುವುದು ಕೈ ಮಾತ್ರವಲ್ಲ, ನಿಮ್ಮ ಇಡೀ ದೇಹ. ಪಿಟೀಲು ಬಿಟ್ಟು ಥೆರೆಮಿನ್ ಹಿಡಿದ ಕ್ಲಾರಾ ರಾಕ್‌ಮೋರ್ ನುಡಿಸುವಾಗ ಬೊಂಬೆಯಂತೆ ನಿಶ್ಚಲವಾಗಿ ನಿಲ್ಲುತ್ತಿದ್ದುದು ನೋಡುವವರಿಗೆ ಗಾಂಭೀರ್ಯವಾಗಿ ತೋರಿರಬಹುದು. ವಾದ್ಯದ ದೃಷ್ಟಿಯಿಂದ ಅದು ಅನಿವಾರ್ಯವಾಗಿತ್ತು.

ಇನ್ನು ನಿನ್ನೆಯ ಶ್ರುತಿ ಇಂದು ಉಳಿಯದಿರುವ ವಿಚಾರ. 300 ಕಿಲೋಹರ್ಟ್ಸ್‌ನಲ್ಲಿ ಶೇಕಡಾ 0.01ರಷ್ಟು ಬದಲಾವಣೆ ಎಂದರೆ 30 ಹರ್ಟ್ಸ್. ನಿಮ್ಮ ಷಡ್ಜ 240 ಹರ್ಟ್ಸ್‌ನಲ್ಲಿದ್ದರೆ ಅದಕ್ಕೆ 30 ಸೇರಿ 270 ಆಗುತ್ತದೆ. ಅಂದರೆ ಕೈ ಅಲುಗದಿದ್ದರೂ ಷಡ್ಜವಿದ್ದಲ್ಲಿ ಚತುಶ್ರುತಿ ರಿಷಭ ಕೇಳಿಸುತ್ತದೆ. ಬಿಡಿಭಾಗಗಳು ಸ್ವಲ್ಪ ಬಿಸಿಯಾದರೂ ಇಷ್ಟು ಬದಲಾವಣೆ ಸಾಧ್ಯ. ಆದ್ದರಿಂದ ಸ್ವಿಚ್ ಹಾಕಿ ಕಾಲು ಗಂಟೆ ಬಿಟ್ಟು ಶ್ರುತಿ ಮಾಡಿ, ಪ್ರತಿದಿನದ ಅಲ್ಪಸ್ವಲ್ಪ ಏರುಪೇರನ್ನು ಗುಬ್ಬಿಯಿಂದಲೇ ಸರಿಪಡಿಸಿಕೊಳ್ಳಿ. ತಂಬೂರಿಯವರು ಪ್ರತಿ ಕಛೇರಿಗೂ ಮುನ್ನ ಶ್ರುತಿ ಸೇರಿಸುವುದಿಲ್ಲವೇ? ಕಾಯಿಲ್ ತಿರುಪನ್ನು ದಿನವೂ ಮುಟ್ಟುವುದು ಕೆಟ್ಟ ಅಭ್ಯಾಸ.

ಕಬ್ಬಿಣದ ಬೀರು, ಕಿಟಕಿಯ ಸರಳುಗಳು, ಲೋಹದ ಮೇಜು ಇವುಗಳಿಂದ ವಾದ್ಯವನ್ನು ಕನಿಷ್ಠ ಮೂರು ನಾಲ್ಕು ಅಡಿ ದೂರವಿಡಿ. ಅದಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಎರಡು ಪಿನ್‌ನ ಅಡಾಪ್ಟರಿನಲ್ಲಿ ವಾದ್ಯ ನಡೆಸಿ ಹೆಡ್‌ಫೋನ್ ಹಾಕಿಕೊಂಡರೆ ಅದಕ್ಕೆ ಭೂಸಂಪರ್ಕವೇ ಇರುವುದಿಲ್ಲ. ಆಗ ವೈರನ್ನು ಮುಟ್ಟಿದರೂ ಸ್ವರ ಅತ್ತಿತ್ತ ಜಾರುತ್ತದೆ. ಸರಿಯಾಗಿ ಅರ್ತ್ ಆಗಿರುವ, ಮೂರು ಪಿನ್‌ನ ಪ್ಲಗ್ ಉಳ್ಳ ಆಂಪ್ಲಿಫೈಯರಿಗೆ ಕೇಬಲ್ ಜೋಡಿಸಿದರೆ ಸಾಮಾನ್ಯವಾಗಿ ಕೇಬಲ್ಲಿನ ಹೊರಕವಚದ ಮೂಲಕವೇ ಭೂಸಂಪರ್ಕ ದೊರೆಯುತ್ತದೆ. ಅರ್ತ್ ಹುಡುಕಿಕೊಂಡು ಗೋಡೆಯ ಸಾಕೆಟ್ಟಿನೊಳಗೆ ಬಿಡಿ ತಂತಿ ತುರುಕುವ ಸಾಹಸ ಮಾತ್ರ ಬೇಡ.

ಎಷ್ಟು ತಿರುಗಿಸಿದರೂ ಸದ್ದೇ ಬರದವರು ಪಿಚ್ ಕಾಯಿಲನ್ನು ದೂರುವ ಮುನ್ನ, ಎಡಗೈಯ ಬಳೆಯಾಕಾರದ ವಾಲ್ಯೂಮ್ ಆಂಟೆನಾದ ಶ್ರುತಿಯನ್ನು ನೋಡಬೇಕು. ಅದು ತಪ್ಪಿದ್ದರೆ ವಾದ್ಯ ಪೂರ್ತಿ ಮೂಕವಾಗುತ್ತದೆ. ಆಸಿಲೇಟರ್ ನಡೆಯುತ್ತಿದೆಯೇ ಎಂದು ತಿಳಿಯಲು ಹಳೆಯ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಸಾಕು. ಆಸಿಲೇಟರ್ ತನ್ನ ಆವರ್ತನದ ಎರಡರಷ್ಟರಲ್ಲೂ ಮಂದವಾಗಿ ಸೂಸುತ್ತದೆ; 300 ಕಿಲೋಹರ್ಟ್ಸ್‌ನ ಎರಡರಷ್ಟು 600. ಆಕಾಶವಾಣಿ ಬೆಂಗಳೂರಿನ 612ರ ಪಕ್ಕದಲ್ಲೇ ಬರುತ್ತದೆ. ರೇಡಿಯೊವನ್ನು ಬೋರ್ಡಿನ ಹತ್ತಿರ ಹಿಡಿದು ಮುಳ್ಳನ್ನು ಆ ಸುತ್ತಿನಲ್ಲಿ ನಿಧಾನವಾಗಿ ಆಡಿಸಿದರೆ, ಒಂದೆಡೆ ಗೊರಗೊರ ಸದ್ದು ತಟ್ಟನೆ ಅಡಗುತ್ತದೆ ಅಥವಾ ಸಿಳ್ಳೆ ಕೇಳಿಸುತ್ತದೆ. ವಾದ್ಯದ ಸ್ವಿಚ್ ಆರಿಸಿದಾಗ ಅದೂ ನಿಂತರೆ ಆಸಿಲೇಟರ್ ಜೀವಂತವಾಗಿದೆ. ಎಲ್ಲಿಯೂ ಏನೂ ಸಿಗದಿದ್ದರೆ, ಆಗ ಬೆಸುಗೆಯನ್ನು ಭೂತಗನ್ನಡಿ ಹಿಡಿದು ನೋಡಿ.