ಹಾರ್ಡ್ ಡಿಸ್ಕ್ ಕೆಟ್ಟಿಲ್ಲ, ಕರೆಂಟ್ ಸಾಲುತ್ತಿಲ್ಲ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದರೆ ಲೈಟ್ ಹತ್ತುತ್ತದೆ, ಒಳಗೆ ಕಟ್ ಕಟ್ ಸದ್ದು ಬರುತ್ತದೆ, ಕಂಪ್ಯೂಟರ್‌ನಲ್ಲಿ ಮಾತ್ರ ಕಾಣಿಸಲ್ಲ. ತುಂಬಾ ಜನ ಡಿಸ್ಕ್ ಹೋಯ್ತು ಅಂತ ಅಲ್ಲೇ ಕೈಬಿಡುತ್ತಾರೆ. ಎಷ್ಟೋ ಸಲ ಅದು ಹೋಗಿರುವುದಿಲ್ಲ, ಮೋಟಾರು ತಿರುಗುವಷ್ಟು ಕರೆಂಟ್ ಸಿಕ್ಕಿರುವುದಿಲ್ಲ.

1996ರಲ್ಲಿ ಯುಎಸ್‌ಬಿ ಬಂದಾಗ ಅದಕ್ಕೆ ಹಾಕುತ್ತಿದ್ದದ್ದು ಕೀಬೋರ್ಡ್, ಮೌಸ್‌ನಂಥವು. ಅದು ಕೊಡುತ್ತಿದ್ದ ಕರೆಂಟ್ 5 ವೋಲ್ಟ್‌ನಲ್ಲಿ ಮೊದಲಿಗೆ 100 ಮಿಲಿಆಂಪ್, ಸಾಧನ ಕೇಳಿಕೊಂಡರೆ 500. ಅಂದರೆ ಎರಡೂವರೆ ವ್ಯಾಟ್, ಅಷ್ಟೇ. 2000ದಲ್ಲಿ ಯುಎಸ್‌ಬಿ 2.0 ಬಂದು ವೇಗ 12 ಮೆಗಾಬಿಟ್‌ನಿಂದ 480ಕ್ಕೆ ಹಾರಿತು, ಕರೆಂಟ್ ಮಾತ್ರ ಇದ್ದಲ್ಲೇ ಇತ್ತು. ಫೈಲ್ ಬೇಗ ಹೋಗುತ್ತೆ ಅಂತ ಎಲ್ಲರೂ ಡಿಸ್ಕ್ ಹಾಕತೊಡಗಿದರು. ಗೊಂದಲ ಶುರುವಾದದ್ದೇ ಇಲ್ಲಿ.

ದೊಡ್ಡ 3.5 ಇಂಚಿನ ಡಿಸ್ಕ್‌ನ ಮೋಟಾರಿಗೆ 12 ವೋಲ್ಟ್ ಬೇಕು, ಹಾಗಾಗಿ ಅದಕ್ಕೆ ಬೇರೆ ಅಡಾಪ್ಟರ್ ಕೊಟ್ಟರು. ಚಿಕ್ಕ 2.5 ಇಂಚಿನದಕ್ಕೆ 5 ವೋಲ್ಟ್ ಸಾಕು. ಆದರೆ ಡಿಸ್ಕ್‌ನೊಳಗೆ ನಿಂತಿರುವ ತಟ್ಟೆಯನ್ನು ತಿರುಗಿಸುವ ಆ ಮೊದಲ ಒಂದೆರಡು ಸೆಕೆಂಡ್ ಅದು ಸುಮಾರು ಒಂದು ಆಂಪ್ ಎಳೆಯುತ್ತದೆ, ಆಮೇಲೆ ಅರ್ಧ ಆಂಪ್‌ಗೆ ಇಳಿಯುತ್ತದೆ. ಕೆಲವು ಕಂಪ್ಯೂಟರ್‌ಗಳ ಪೋರ್ಟ್ ನಿಯಮಕ್ಕಿಂತ ಜಾಸ್ತಿ ಕೊಡುತ್ತಿದ್ದವು, ಕೆಲವು ಕೊಡುತ್ತಿರಲಿಲ್ಲ, ಅದಕ್ಕೇ ಆಫೀಸಿನಲ್ಲಿ ಓಡಿದ ಡಿಸ್ಕ್ ಮನೆಯಲ್ಲಿ ಓಡುತ್ತಿರಲಿಲ್ಲ. ಪರಿಹಾರ ಅಂತ ಎರಡು ಪಿನ್‌ನ ವೈ ಕೇಬಲ್ ಬಂತು, ಒಂದು ಪಿನ್ ಡೇಟಾಗೆ, ಇನ್ನೊಂದು ಬರೀ ಕರೆಂಟಿಗೆ. ಯುಎಸ್‌ಬಿ ನಿಯಮದಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಆದರೂ ಡಿಸ್ಕ್ ಮಾಡುವವರೇ ಡಬ್ಬಿಯೊಳಗೆ ಇಟ್ಟು ಕೊಡುತ್ತಿದ್ದರು, ಬೇರೆ ದಾರಿ ಏನಿತ್ತು ಹೇಳಿ!

2008ರಲ್ಲಿ ಯುಎಸ್‌ಬಿ 3.0 ಬಂದು ಮಿತಿ 900 ಮಿಲಿಆಂಪ್ ಆದ ಮೇಲೆ ಚಿಕ್ಕ ಡಿಸ್ಕ್‌ಗಳಿಗೆ ಉಸಿರು ಬಂತು. 2014ರ ಟೈಪ್-ಸಿ 5 ವೋಲ್ಟ್‌ನಲ್ಲೇ 3 ಆಂಪ್‌ವರೆಗೆ ಕೊಡಬಲ್ಲದು. ಕೊಡಲೇಬೇಕು ಅಂತಿಲ್ಲ, ಪೋರ್ಟ್ ನೋಡೋಕೆ ಒಂದೇ ಥರ ಇದ್ದರೂ ಒಳಗಿನ ಲೆಕ್ಕ ಬೇರೆ ಇರಬಹುದು. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನಲ್ಲಂತೂ ಒಂದೇ ಪೋರ್ಟಿನ ಕರೆಂಟನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳಬೇಕು. ಕೇಬಲ್ ಉದ್ದವಾಗಿ, ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಹಬ್ ಬಿಟ್ಟು ಕಂಪ್ಯೂಟರ್‌ನ ಹಿಂಬದಿಯ ಪೋರ್ಟಿಗೆ ಗಿಡ್ಡ ಕೇಬಲ್‌ನಲ್ಲಿ ನೇರ ಹಾಕಿ ನೋಡಿ.

ದೊಡ್ಡ ಡಿಸ್ಕ್ ಇರುವವರಿಗೆ ಇನ್ನೊಂದು ಮಾತು. ಜ್ಯಾಕ್ ಕೂತಿತು ಅಂತ ಲ್ಯಾಪ್‌ಟಾಪ್‌ನ 19 ವೋಲ್ಟ್ ಚಾರ್ಜರ್ ಚುಚ್ಚಬೇಡಿ. ಹಲವು ಡಿಸ್ಕ್‌ಗಳ ಬೋರ್ಡ್ ಮೇಲೆ ಕಾವಲಿಗೆ ಟಿವಿಎಸ್ ಡಯೋಡ್ ಅನ್ನೋ ಪುಟ್ಟ ಭಾಗ ಇರುತ್ತದೆ. ವೋಲ್ಟೇಜ್ ಏರಿದರೆ ಅದು ಶಾರ್ಟ್ ಆಗಿ ತಾನು ಸಾಯುತ್ತದೆ, ಉಳಿದದ್ದನ್ನು ಸಾಮಾನ್ಯವಾಗಿ ಉಳಿಸುತ್ತದೆ. ಡಿಸ್ಕ್ ಪೂರಾ ಸತ್ತಂತೆ ಕಂಡರೂ ಫೋಟೋ, ಫೈಲ್ ಒಳಗೆ ಹಾಗೇ ಇರಬಹುದು. ರಿಪೇರಿಗೆ ಕೊಡುವಾಗ ಯಾವ ಅಡಾಪ್ಟರ್ ಹಾಕಿದ್ದಿರಿ ಅಂತ ಮುಚ್ಚಿಡದೆ ಹೇಳಿ, ಅವರು ಮೊದಲು ನೋಡಬೇಕಾದದ್ದು ಆ ಡಯೋಡನ್ನೇ.