ಕೆರೆಗೆ ನೀರು ಬರುವ ದಾರಿ ಯಾರದ್ದು?

ಕೋಲಾರದ ಕಡೆ, ಕೆರೆಗೆ ನೀರು ತರುವ ರಾಜಕಾಲುವೆಗೆ ಇಳಿದು ಕೆಲಸ ಮಾಡುವ ಊರ ಹುಡುಗರು ಜಾಲಿ ಕಡಿಯುತ್ತಾರೆ, ಹೂಳೆತ್ತುತ್ತಾರೆ, ಚಂದಾ ಹಾಕಿ ಒಂದು ದಿನದ ಮಟ್ಟಿಗೆ ಜೆಸಿಬಿ ತರಿಸುತ್ತಾರೆ. ಬಂಡೆ ಸಿಕ್ಕರೂ ಕೆಲಸ ನಿಲ್ಲುವುದಿಲ್ಲ. "ಇದು ನಮ್ಮ ಜಮೀನು" ಎಂದು ಯಾರಾದರೂ ಬದುವಿನ ಮೇಲೆ ಬಂದು ನಿಂತರೆ ನಿಲ್ಲುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಶಾಸನಗಳ ಬಿತ್ತುವಟ್ಟ, ಕಟ್ಟುಕೊಡಗೆಗಳೆಲ್ಲ ಕೆರೆ ಕಟ್ಟಿ ಕಾಯುವವರಿಗಾಗಿ ಬಿಟ್ಟ ಜಮೀನು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಮೈಸೂರು ಸೀಮೆಯ ಬಗ್ಗೆ ಎಂಜಿನಿಯರ್ ಸ್ಯಾಂಕಿ 1860ರ ದಶಕದಲ್ಲೇ ಬರೆದಿದ್ದ. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು ನೀರಗಂಟಿಯ ಕೆಲಸ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಅದು ತಪ್ಪೇನಲ್ಲ, ಹುಟ್ಟಿನಿಂದ ಕೆಲಸ ಅಂಟಿಸುವುದು ಎಲ್ಲಿಯ ನ್ಯಾಯ? ಆದರೆ ಕಾಲುವೆಯ ಮೇಲೆ ಕಣ್ಣಿಡಲು ಬದಲಿಗೆ ಇನ್ನೊಬ್ಬರು ಬರಲಿಲ್ಲ.

ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು. ನೀರು ಕಾಣದ ಕಾಲುವೆ ಮೊದಲು ಗಾಡಿ ಜಾಡಾಯಿತು, ಆಮೇಲೆ ಟೊಮೆಟೊ ತೋಟ. ಒಂದೇ ರಾತ್ರಿ ಕದ್ದದ್ದಲ್ಲ, ಉಳುಮೆಗೊಂದು ಸಾಲಿನಂತೆ ಹೋಯಿತು.

2002ರ ಸುಮಾರಿಗೆ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನೆ ಶುರುವಾಗಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಆಗಿನಿಂದಲೂ ಎಲ್ಲರ ಕಣ್ಣು ಕೆರೆಯಂಗಳದ ಮೇಲೇ. ಅಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರ, ಗುಂಡಿ ಫೋಟೊಗೂ ಚೆನ್ನ. ಮೈಲುಗಟ್ಟಲೆ ಕಾಲುವೆಯಲ್ಲಿ ಜಗಳ ಬಿಟ್ಟರೆ ಸಿಗುವುದೇನು?

2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಾಗ ಲೆಕ್ಕ ಬದಲಾಯಿತು. ಕೆರೆಯಿಂದ ಕೆರೆಗೆ ಆ ನೀರು ಸಾಗಬೇಕಾದದ್ದೂ ಇದೇ ಹಳೆಯ ದಾರಿಗಳಲ್ಲಿ. ನೊರೆ ಕಂಡಿತು, ವಿವಾದ ಸುಪ್ರೀಂ ಕೋರ್ಟ್ ತನಕ ಹೋಯಿತು. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಎಂಬ ಕೂಗು ಅಡಗಿಲ್ಲ, ಅಡಗಬಾರದು ಕೂಡ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದಾಗ ಮಾತ್ರ ಯಾರ ತೋಟದಡಿ ಕಾಲುವೆಯಿತ್ತು ಎಂದು ನೀರೇ ತೋರಿಸಿತು.

ಕಾಲುವೆ ತೋಡುವುದು ನೋಡುವಷ್ಟು ಸುಲಭವಲ್ಲ. ಜೆಸಿಬಿ ಒಂದು ಕಡೆ ಎರಡು ಅಡಿ ಹೆಚ್ಚು ಬಗೆದರೆ ಮಟ್ಟ ತಪ್ಪಿ ನೀರು ಅಲ್ಲೇ ಮಡುಗಟ್ಟುತ್ತದೆ, ಕೆರೆಗೆ ಮುಟ್ಟುವುದಿಲ್ಲ. ಎತ್ತಿದ ಮಣ್ಣನ್ನು ದಡದಲ್ಲೇ ಗುಡ್ಡೆ ಹಾಕಿದರೆ ಮೊದಲ ಮಳೆಗೇ ವಾಪಸ್ಸು. ಇವನ್ನು ಹುಡುಗರು ಒಂದೆರಡು ಮಳೆಗಾಲದಲ್ಲಿ ಕಲಿತುಬಿಡುತ್ತಾರೆ.

ಕಲಿಯಲಾಗದ್ದು ಕಾಗದದ ದಾರಿ. ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿಯದು, ಕಾಲುವೆಯ ಜಾಗ ಕಂದಾಯ ದಾಖಲೆಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಸೇರದ್ದು. ಗ್ರಾಮ ನಕ್ಷೆಯಲ್ಲಿ ಜೋಡಿ ಗೆರೆ ಸ್ಪಷ್ಟವಾಗಿಯೇ ಇರುತ್ತದೆ. ಅದನ್ನು ನೆಲದ ಮೇಲೆ ಅಳೆದು ಕಲ್ಲು ನೆಡಲು ಸರ್ವೇಯರ್ ಬರಬೇಕು. ಯುಗಾದಿಗೆ ಕೊಟ್ಟ ಅರ್ಜಿಗೆ ಅವರು ಬರುವಷ್ಟರಲ್ಲಿ ಮುಂಗಾರು ಹಿಡಿದು, ಅಳೆಯಬೇಕಾದ ಜಾಗದಲ್ಲಿ ರಾಗಿ ಮೊಳೆತಿರುತ್ತದೆ.