ಬರೆಯದೇ ಬಿಟ್ಟ ಭಾಷೆ

ಈಚೆಗೆ ಪರಿಶೀಲನೆಗೆಂದು ಒಂದು ಎಂಕೆವಿ ಕಡತ (ಚಿತ್ರ, ಧ್ವನಿ, ಸಬ್‌ಟೈಟಲ್‌ಗಳನ್ನು ಒಟ್ಟಿಗೆ ಇಡುವ ವಿಡಿಯೊ ಕಡತ) ನನ್ನ ಬಳಿ ಬಂತು. ಅದರಲ್ಲಿ ಮೂರು ಧ್ವನಿ ಟ್ರ್ಯಾಕ್‌ಗಳು, ಮೂರೂ ಕನ್ನಡವೇ. ಒಂದು ಮೂಲ ಸಂಭಾಷಣೆ, ಇನ್ನೊಂದು ನಿರ್ದೇಶಕರ ವ್ಯಾಖ್ಯಾನ, ಮತ್ತೊಂದು ಕಣ್ಣು ಕಾಣದವರಿಗಾಗಿ ದೃಶ್ಯಗಳನ್ನು ಮಾತಿನಲ್ಲಿ ಬಿಡಿಸಿ ಹೇಳುವ ಧ್ವನಿ. ಪ್ಲೇಯರ್‌ನ ಪಟ್ಟಿ ತೆರೆದರೆ ಕಂಡದ್ದು ಮಾತ್ರ ಇಷ್ಟು: ಟ್ರ್ಯಾಕ್ 1 ಇಂಗ್ಲಿಷ್, ಟ್ರ್ಯಾಕ್ 2 ಇಂಗ್ಲಿಷ್, ಟ್ರ್ಯಾಕ್ 3 ಇಂಗ್ಲಿಷ್. ‘ಇಂಗ್ಲಿಷ್ ಎಂದು ನಾವು ಎಲ್ಲಿಯೂ ಬರೆದಿಲ್ಲ’ ಎಂದರು ತಯಾರಿಸಿದವರು. ಅದು ನಿಜ. ಅವರು ಏನನ್ನೂ ಬರೆದಿರಲಿಲ್ಲ, ತೊಂದರೆ ಆದದ್ದೇ ಅಲ್ಲಿ.

ಎಂಕೆವಿಗೆ ಆಧಾರವಾದ ಮಟ್ರೋಸ್ಕಾ ನಿಯಮದ ಪ್ರಕಾರ, ಭಾಷೆಯ ನಮೂದು ಇಲ್ಲದ ಟ್ರ್ಯಾಕನ್ನು ಇಂಗ್ಲಿಷ್ ಎಂದೇ ಓದಬೇಕು. ‘ಡೀಫಾಲ್ಟ್’ ಗುರುತಿನದೂ ಇದೇ ಕಥೆ: ಇಲ್ಲ ಎಂದು ಬರೆಯದಿದ್ದರೆ ಹೌದು ಎಂದೇ ಲೆಕ್ಕ. ಹಾಗಾಗಿ ಆ ಮೂರು ಟ್ರ್ಯಾಕ್‌ಗಳೂ ‘ಮೊದಲು ನನ್ನನ್ನು ನುಡಿಸು’ ಎನ್ನುತ್ತಿದ್ದವು. ಪ್ಲೇಯರ್‌ಗೆ ಕಿವಿ ಇಲ್ಲ. ಟ್ರ್ಯಾಕ್‌ಗೆ ಹಚ್ಚಿದ ಚೀಟಿಯನ್ನು, ಅಂದರೆ ಈ ನಮೂದುಗಳನ್ನು, ಅದು ಓದುತ್ತದೆ, ಅಷ್ಟೇ. ವಿವರಣೆಯ ಧ್ವನಿಯನ್ನೇ ನಂಬಿದ ವೀಕ್ಷಕರು ಒಂದೊಂದನ್ನೇ ನುಡಿಸಿ ಹುಡುಕಬೇಕಾದ ಪರಿಸ್ಥಿತಿ ನನಗೆ ಬಹಳ ನೋವು ತರುತ್ತದೆ. ಅವರಿಗಾಗಿಯೇ ಅಷ್ಟು ದುಡಿದು, ಬಾಗಿಲಿಗೆ ಹೆಸರು ಹಚ್ಚದೇ ಬಿಟ್ಟಂತಾಯಿತು.

ಭಾಷೆ ತಿಳಿಯದಿದ್ದರೆ ಅದನ್ನೂ ಹೇಳಬಹುದು: ‘ಯುಎನ್‌ಡಿ’ ಎಂಬ ಸಂಕೇತ ಇರುವುದೇ ಅದಕ್ಕೆ. ಮಾತೇ ಇಲ್ಲದ, ಬರೀ ಸಂಗೀತದ ಟ್ರ್ಯಾಕ್‌ಗೆ ‘ಝಡ್‌ಎಕ್ಸ್‌ಎಕ್ಸ್’. ಕನ್ನಡಕ್ಕೆ ಮೂರಕ್ಷರದಲ್ಲಿ ‘ಕೆಎಎನ್’, ಎರಡಕ್ಷರದಲ್ಲಿ ‘ಕೆಎನ್’. ಅವಸರದಲ್ಲಿ ‘ಕೆಎ’ ಎಂದು ಬರೆದರೆ ಅದು ಜಾರ್ಜಿಯನ್ ಭಾಷೆ. ಸಬ್‌ಟೈಟಲ್ ಕಡತದ ಹೆಸರಿನಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ, ಆಮೇಲೆ ಟಿವಿಯ ಪಟ್ಟಿಯಲ್ಲಿ ಕನ್ನಡ ಸಿಗುವುದಿಲ್ಲ. ತುಳುವಿಗೆ ಹಳೆಯ ಮೂರಕ್ಷರದ ಪಟ್ಟಿಯಲ್ಲಿ ಸ್ವಂತ ಸಂಕೇತವೇ ಇರಲಿಲ್ಲ. ಮಟ್ರೋಸ್ಕಾದ ಹೊಸ ಭಾಷಾ ನಮೂದಿನಲ್ಲಿ ‘ಟಿಸಿವೈ’ ಎಂದು ಬರೆಯಬಹುದು.

ಸಬ್‌ಟೈಟಲ್‌ನಲ್ಲಿ ಹೆಚ್ಚು ಗೊಂದಲ ಹುಟ್ಟಿಸುವುದು ‘ಫೋರ್ಸ್ಡ್’ ಎಂಬ ಗುರುತು. ಹೆಸರು ಕೇಳಿ ‘ಸದಾ ತೋರಿಸು’ ಎಂದುಕೊಂಡು ಪೂರ್ಣ ಸಬ್‌ಟೈಟಲ್‌ಗೆ ಅದನ್ನು ಹಚ್ಚುತ್ತಾರೆ. ಅದು ಇರುವುದು ನಡುವೆ ಬರುವ ಪರಭಾಷೆಯ ಮಾತು, ಪರದೆಯ ಮೇಲಿನ ಫಲಕ, ಪತ್ರ ಮುಂತಾದವುಗಳ ಅನುವಾದಕ್ಕೆ. ಅನುಮಾನ ಬಂದರೆ ಸಾಲುಗಳನ್ನು ಎಣಿಸುತ್ತೇನೆ. ಇಡೀ ಚಿತ್ರಕ್ಕೆ ನಲವತ್ತೇ ಸಾಲುಗಳಿದ್ದರೆ ಅದು ಫೋರ್ಸ್ಡ್, ಸಾವಿರ ದಾಟಿದ್ದರೆ ಪೂರ್ಣ. ‘ಬಾಗಿಲು ಬಡಿದ ಸದ್ದು’ ಎಂಬಂಥ ಸಾಲುಗಳಿದ್ದರೆ ಅದು ಕಿವಿ ಕೇಳದವರಿಗಾಗಿ ಮಾಡಿದ್ದು, ಅದಕ್ಕೆ ಬೇರೆಯೇ ಗುರುತಿದೆ. ಅಂಧರಿಗಾಗಿ ಇರುವ ಧ್ವನಿಗೆ, ವ್ಯಾಖ್ಯಾನಕ್ಕೆ, ಮೂಲ ಭಾಷೆಗೂ ಪ್ರತ್ಯೇಕ ಗುರುತುಗಳಿವೆ. ಆದರೆ ಎಲ್ಲ ಪ್ಲೇಯರ್‌ಗಳೂ ಇವನ್ನು ಓದುವುದಿಲ್ಲ. ಆದ್ದರಿಂದ ಹೆಸರಿನ ಜಾಗದಲ್ಲಿಯೂ ‘ದೃಶ್ಯ ವಿವರಣೆ’ ಎಂದು ಬರೆಯುವುದನ್ನು ನಾನು ಬಿಡುವುದಿಲ್ಲ. ಅಲ್ಲಿ ‘ಕನ್ನಡ 5.1’ ಎಂದು ತುಂಬುವುದು ಮಾತ್ರ ವ್ಯರ್ಥ. ಭಾಷೆಗೆ ಅದರದೇ ಜಾಗವಿದೆ, ಧ್ವನಿ ಚಾನಲ್‌ಗಳ ಸಂಖ್ಯೆ ಕಡತದಲ್ಲಿ ಬೇರೆ ಕಡೆ ಇದ್ದೇ ಇರುತ್ತದೆ.

ತಿದ್ದುವುದು ಕಷ್ಟವಲ್ಲ. ಎಂಕೆವಿ ಆದರೆ ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶದ ಹೆಡರ್ ಎಡಿಟರ್‌ನಲ್ಲಿ ಕಡತ ಇದ್ದಲ್ಲಿಯೇ ಬದಲಾಗುತ್ತದೆ, ಚಿತ್ರ ಮತ್ತು ಧ್ವನಿಯ ಗುಣಮಟ್ಟಕ್ಕೆ ಧಕ್ಕೆಯಿಲ್ಲ. ಎಂಪಿ4 ಕಡತವಾದರೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಮರು ಎನ್‌ಕೋಡ್ ಮಾಡದೆ, ಅಂದರೆ ಚಿತ್ರ, ಧ್ವನಿಯನ್ನು ಮತ್ತೆ ಸಂಕುಚಿಸದೆ, ಹೊಸ ಪ್ರತಿ ತೆಗೆಯುತ್ತೇನೆ.

ಚೀಟಿ ಹಚ್ಚುವ ಮೊದಲು ಪ್ರತಿ ಟ್ರ್ಯಾಕನ್ನೂ ಚಿತ್ರದ ನಡುಭಾಗದಲ್ಲಿ ಒಂದು ನಿಮಿಷ ಕೇಳುತ್ತೇನೆ. ಆರಂಭದಲ್ಲಿ ಕೇಳಿದರೆ ಉಪಯೋಗವಿಲ್ಲ, ಶೀರ್ಷಿಕೆ ಸಂಗೀತ ಮೂಲದಲ್ಲೂ ಡಬ್ಬಿಂಗ್‌ನಲ್ಲೂ ಒಂದೇ ಆಗಿರುತ್ತದೆ. ಆ ಕಡತದಲ್ಲಿ ವಿವರಣೆಯ ಧ್ವನಿ ಪತ್ತೆಯಾದದ್ದು ಸಂಭಾಷಣೆಯೇ ಇಲ್ಲದ ಒಂದು ದೃಶ್ಯದಲ್ಲಿ. ಉಳಿದ ಎರಡನ್ನು ನುಡಿಸಿದಾಗ ಬರೀ ಮಳೆಯ ಸದ್ದು. ಮೂರನೆಯದರಲ್ಲಿ ಒಬ್ಬರು ಮೆಲ್ಲಗೆ ‘ಅವಳು ಕಿಟಕಿ ಮುಚ್ಚುತ್ತಾಳೆ’ ಎಂದರು.